ಶರಾವತಿಯ ಹಿನ್ನೀರ ಸೀಮೆ

ಸಂಜೆ ದೀಪ ಹಚ್ಚಿ, ರೇಡಿಯೋದ ಗುಂಡಿ ತಿರುಗಿಸಿ, ಕುರ್ಚಿ ಎಳೆದುಕೊಂಡು ಕುಳಿತಿರುವ ನಿಮಗೆ ಆ ದೀಪದ ಹಿಂದೆ ಒಂದು ಸರೋವರವಿದೆ ಎಂದು ಹೇಳಿದರೆ ಅದು ಕವಿಸಮಯದಂತೆ ಕೇಳಿಸಬಹುದು. ಕವಿಸಮಯವಲ್ಲ, ಲೆಕ್ಕದ ಮಾತು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ತಾಲ್ಲೂಕುಗಳ ಗುಡ್ಡಗಳ ನಡುವೆ, ಸಹ್ಯಾದ್ರಿಗೆ ಬೆನ್ನು ಒರಗಿಸಿಕೊಂಡಂತೆ, ಶರಾವತಿಯ ಹಿನ್ನೀರು ಹರಡಿಕೊಂಡಿದೆ. ಲಿಂಗನಮಕ್ಕಿಯ ಕಟ್ಟೆಗೆ ತಡೆದು ನಿಂತ ಈ ನೀರು ಕೊಳವೆಗಳಲ್ಲಿ ಧುಮುಕಿ, ಚಕ್ರಗಳನ್ನು ತಿರುಗಿಸಿ, ದಶಕಗಳ ಕಾಲ ನಮ್ಮ ನಾಡಿನ ಪಟ್ಟಣಗಳಿಗೆ ಬೆಳಕು ಕೊಟ್ಟಿದೆ, ಇಂದೂ ಕೊಡುತ್ತಿದೆ. ಇಷ್ಟು ದಿನ ಅದರ ಉಪ್ಪನ್ನುಂಡ ನಾವು ಒಮ್ಮೆ ಅದರ ಊರಿಗೆ ಹೋಗಿ ಯೋಗಕ್ಷೇಮ ವಿಚಾರಿಸಿ ಬರುವುದು ನ್ಯಾಯವಲ್ಲವೇ?

ನಾನು ಕೆಲವು ವರ್ಷ ಈ ಹಿನ್ನೀರಿನ ಆಚೆ ದಡದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿದವನು. ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ದಾಟಬೇಕಾಗಿತ್ತು. ಕೆಲಸಕ್ಕೆ ಸೇರಲು ಹೊರಟ ಮೊದಲನೆಯ ದಿನ, ಸುತ್ತಲೂ ನೀರು, ನೀರಿನಿಂದೆದ್ದ ಹಸುರು ನಡುಗಡ್ಡೆಗಳು, ದೂರದಲ್ಲಿ ನೀಲಿಯಾದ ಗುಡ್ಡಗಳ ಸಾಲು, ಇವನ್ನೆಲ್ಲ ಕಂಡು ನನಗೆ ತಡೆಯಲಾಗಲಿಲ್ಲ. ‘ಎಂಥ ರಮಣೀಯವಾದ ಸರೋವರ!’ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಪುಸ್ತಕದ ಚೀಲವನ್ನೂ ಕೊಡೆಯನ್ನೂ ನೋಡಿ ನನ್ನ ಜಾತಕ ತಿಳಿದುಕೊಂಡವರಂತೆ ನಕ್ಕರು. “ಹೌದು ಮೇಷ್ಟ್ರೇ, ಚೆಂದ ಇದೆ. ಈಗ ನಾವು ಹೋಗ್ತಾ ಇರೋದು ನಮ್ಮ ಹಿತ್ತಲ ಮೇಲೆ” ಎಂದರು.

ಆ ಮಾತಿಗೆ ನಾನು ಉತ್ತರ ಹೇಳಲಿಲ್ಲ. ಹೇಳಲು ಏನೂ ಇರಲಿಲ್ಲ. ಆದರೆ ಅಂದಿನಿಂದ ಆ ಸೀಮೆಯನ್ನು ಬರಿಯ ನೋಟಕ್ಕಾಗಿ ನೋಡುವುದು ನನ್ನಿಂದ ಆಗಲಿಲ್ಲ. ನೀವು ಅಲ್ಲಿಗೆ ಹೋಗಬೇಕು, ಕಣ್ಣು ತುಂಬ ನೋಡಬೇಕು ಎಂಬುದು ನನ್ನ ಆಸೆ. ಆದರೆ ನೀರಿನ ಮೇಲೆ ಕಾಣುವುದರ ಜೊತೆಗೆ ನೀರಿನ ಕೆಳಗಿರುವುದನ್ನೂ ಸ್ವಲ್ಪ ತಿಳಿದುಕೊಂಡು ಹೋದರೆ ನೋಟ ಬೇರೆಯಾಗುತ್ತದೆ. ಅದಕ್ಕಾಗಿ ಈ ನಾಲ್ಕು ಮಾತು.

ಮೊದಲು ನದಿಯ ಹೆಸರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿಯ ಉಗಮ. ಸೀತೆಗೆ ಬಾಯಾರಿಕೆಯಾಯಿತೆಂದು ಶ್ರೀರಾಮ ಬಾಣ ಬಿಟ್ಟು ನೀರು ತರಿಸಿದನೆಂದು ಸ್ಥಳಪುರಾಣ. ಶರದಿಂದ ಹುಟ್ಟಿದ್ದರಿಂದ ಶರಾವತಿ. ಕನ್ನಡದಲ್ಲಿ ಅಂಬು ಎಂದರೆ ಬಾಣ. ಸಂಸ್ಕೃತದಲ್ಲಿ ಅಂಬು ಎಂದರೆ ನೀರು. ಒಂದೇ ಶಬ್ದ ಒಂದು ಭಾಷೆಯಲ್ಲಿ ಬಾಣವಾಗಿ ಹೊರಟು ಇನ್ನೊಂದು ಭಾಷೆಯಲ್ಲಿ ನೀರಾಗಿ ಮುಟ್ಟುತ್ತದೆ! ಈ ಹೆಸರನ್ನಿಟ್ಟ ಪುಣ್ಯಾತ್ಮನು ಬೇಕೆಂದೇ ಇಟ್ಟನೋ, ತಾನಾಗಿ ಒದಗಿತೋ, ಕನ್ನಡ ಪಾಠ ಹೇಳುವ ನನ್ನಂಥವನಿಗೆ ಮಾತ್ರ ಇದು ಹಬ್ಬದೂಟ. ಶರ ಎಂದರೆ ಜೊಂಡುಹುಲ್ಲು ಎಂಬ ಅರ್ಥವೂ ಉಂಟು ಎಂದು ಕೋಶ ಹಿಡಿದು ವಾದಿಸುವವರು ವಾದಿಸಲಿ. ನದಿ ಮಾತ್ರ ಯಾರ ವಾದಕ್ಕೂ ಕಾಯದೆ ವಾಯವ್ಯಕ್ಕೆ ಹರಿದು, ದಾರಿಯಲ್ಲಿ ಹರಿದ್ರಾವತಿ, ಮಾವಿನಹೊಳೆ, ಎಣ್ಣೆಹೊಳೆ ಮೊದಲಾದವುಗಳನ್ನು ಕೂಡಿಸಿಕೊಂಡು, ಜೋಗದಲ್ಲಿ 830 ಅಡಿ ಕೆಳಕ್ಕೆ ಹಾರಿ, ಗೇರುಸೊಪ್ಪೆಯ ಕಣಿವೆಯನ್ನು ಹಾದು, ಹೊನ್ನಾವರದ ಬಳಿ ಕಡಲು ಸೇರುತ್ತದೆ. ಒಟ್ಟು ಪಯಣ ಸುಮಾರು 128 ಕಿಲೋಮೀಟರು. ನದಿಗಳ ಲೆಕ್ಕದಲ್ಲಿ ಇದೇನು ದೊಡ್ಡ ಉದ್ದವಲ್ಲ. ಇಷ್ಟು ಚಿಕ್ಕ ನದಿಯಿಂದ ನಾವು ತೆಗೆಸಿಕೊಂಡ ಕೆಲಸ ಮಾತ್ರ ಬಹಳ ದೊಡ್ಡದು.

ಇನ್ನು ಊರುಗಳ ಹೆಸರು. ಲಿಂಗನಮಕ್ಕಿ, ಹಸಿರುಮಕ್ಕಿ, ಹೊಳೆಬಾಗಿಲು, ವಡ್ಡಿನಬೈಲು, ಹೊನ್ನೆಮರಡು, ಅಂಬಾರಗೊಡ್ಲು, ಕಳಸವಳ್ಳಿ, ತುಮರಿ. ಬಸ್ಸಿನ ಹಲಗೆಯ ಮೇಲೆ ಇವನ್ನು ಓದಿ ನಾವು ಮುಂದೆ ಹೋಗಿಬಿಡುತ್ತೇವೆ. ಆದರೆ ಇವು ಹೆಸರುಗಳಷ್ಟೇ ಅಲ್ಲ, ಭೂಮಿಯ ವರ್ಣನೆ. ಮಲೆನಾಡಿನವರ ಬಾಯಲ್ಲಿ ಮಕ್ಕಿ ಎಂದರೆ ಮಳೆಯ ನೀರನ್ನೇ ನಂಬಿದ ಮೇಲುಗದ್ದೆ. ಬೈಲು ಎಂದರೆ ಗುಡ್ಡಗಳ ನಡುವಣ ತಗ್ಗಿನ ಹಸನಾದ ಭೂಮಿ. ಮರಡು, ಮರಡಿ ಎಂದರೆ ದಿಣ್ಣೆ. ಹೊಳೆಬಾಗಿಲು ಎಂದರೆ ಹೊಳೆಗೆ ಇಳಿಯುವ ದ್ವಾರ. ಲಿಂಗನಮಕ್ಕಿ ಎಂದಾಗ ನಿಮಗೆ ಗೋಡೆ, ಬಾಗಿಲು, ಬಿಳಿಯ ನೊರೆ ನೆನಪಾಗುತ್ತದೆ. ಅದು ಮೊದಲು ಲಿಂಗ ಎಂಬುವನೊಬ್ಬನ ಗದ್ದೆಯಾಗಿತ್ತೆಂದು ಹೆಸರೇ ಹೇಳುತ್ತದೆ. ಆ ಲಿಂಗ ಯಾರೋ, ಎಷ್ಟು ಖಂಡುಗ ಭತ್ತ ಬೆಳೆಯುತ್ತಿದ್ದನೋ! ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಅವನ ಮೇಲುಗದ್ದೆಯ ಹೆಸರು ಇಂದು 151 ಟಿ.ಎಂ.ಸಿ.ಗೂ ಮೀರಿ ನೀರು ಹಿಡಿಯುವ ಜಲಾಶಯದ ಹೆಸರಾಗಿದೆ.

ಈ ಸೀಮೆಯ ಚರಿತ್ರೆಯೂ ನೀರಿನ ಹಾಗೆ ಒಂದೆಡೆ ನಿಂತದ್ದಲ್ಲ. ಘಟ್ಟದ ಕೆಳಗೆ ಗೇರುಸೊಪ್ಪೆಯಲ್ಲಿ 16ನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಗುಡ್ಡದ ಮೇಲಿನ ಬಳ್ಳಿಯ ಫಲ ಅವಳ ಬಂದರುಗಳಿಂದ ಪಶ್ಚಿಮಕ್ಕೆ ಹೋಗುತ್ತಿತ್ತು. ಅವಳ ಕಾಲದ ವೈಭವಕ್ಕೆ ಇಂದು ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ನಗರಬಸ್ತಿಕೇರಿಯ ಚತುರ್ಮುಖ ಬಸದಿಯೇ ಸಾಕ್ಷಿ. ಘಟ್ಟದ ಮೇಲೆ ಕೆಳದಿಯ ನಾಯಕರು. ಕೆಳದಿಯಲ್ಲಿ ಮೊದಲಾಗಿ, ಇಕ್ಕೇರಿಗೆ ಬಂದು, ಕೊನೆಗೆ ಬಿದನೂರಿನಲ್ಲಿ ನೆಲೆಸಿ, ಮೂರು ರಾಜಧಾನಿ ಕಂಡ ಮನೆತನ ಅದು. ಸಾಗರ ಎಂಬ ಊರಿಗೆ ಆ ಹೆಸರು ಬಂದದ್ದು ಕಡಲಿನಿಂದಲ್ಲ, ಕೆರೆಯಿಂದ. ಸದಾಶಿವನಾಯಕ ಕಟ್ಟಿಸಿದ ಸದಾಶಿವಸಾಗರವೇ ಇಂದಿನ ಗಣಪತಿ ಕೆರೆ ಎಂದು ಊರವರು ಹೇಳುತ್ತಾರೆ.

ಸಾಗರದಲ್ಲಿ ಇಳಿದವರು ಇಕ್ಕೇರಿಯನ್ನು ಬಿಡಬಾರದು. ಕೆಲವೇ ಮೈಲಿ ದೂರ. ಅಘೋರೇಶ್ವರನ ಗುಡಿ ಕಣಶಿಲೆಯದು. ಎದುರಿಗೆ ಬೇರೆ ಮಂಟಪದಲ್ಲಿ ದೊಡ್ಡ ನಂದಿ. ಶಿಲ್ಪದ ವಿಚಾರವನ್ನು ಬಲ್ಲವರು ಹೇಳಲಿ. ನಾನು ತೋರಿಸಬೇಕೆಂದಿರುವುದು ಒಳಗಿನ ನಡುಗಂಬಗಳ ನಡುವಣ ಅಂತರ. ಆ ಅಂತರ 18 ಅಡಿ 6 ಅಂಗುಲ. ಕೆಳದಿಯ ಕಾಲದಲ್ಲಿ ಅಡಿಕೆ ತೋಟವನ್ನು ಅಳೆಯಲು ಅದನ್ನೇ ಪ್ರಮಾಣವಾಗಿ ಇಟ್ಟುಕೊಂಡಿದ್ದರು; ಅದಕ್ಕೆ ದಾಯ ಎಂದು ಹೆಸರು. ಅಳತೆಯ ಕೋಲನ್ನು ಅಧಿಕಾರಿ ಕಡಿಮೆ ಮಾಡಬಹುದು, ಸಾಹುಕಾರ ಹೆಚ್ಚು ಮಾಡಬಹುದು. ದೇವರ ಎದುರಿಗಿನ ಕಲ್ಲುಕಂಬವನ್ನು ಸರಿಸುವವರು ಯಾರು? 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ನೆಲದ ಗುಣವನ್ನೂ ಬೆಳೆಯನ್ನೂ ನೋಡಿ ಕಂದಾಯ ಗೊತ್ತುಪಡಿಸಿದ. ಅದಕ್ಕೇ ‘ಶಿವಪ್ಪನಾಯಕನ ಶಿಸ್ತು’ ಎಂದು ಹೆಸರು. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗರಿಗೆ ನಾವು ಹೇಳುವ ಶಿಸ್ತು ಬೇರೆ. ಆದರೂ ಪದ ಒಂದೇ.

ಇಕ್ಕೇರಿಗೆ ಸೇರಿದ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1623ರಲ್ಲಿ ಇಟಲಿ ದೇಶದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ವೆಂಕಟಪ್ಪನಾಯಕನನ್ನು ಕಾಣಲು ಹೊರಟ. ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆಗೆ ಬಂದು ಅಲ್ಲಿಂದ ಘಟ್ಟ ಹತ್ತಿದ. ದಾರಿಯಲ್ಲಿ, ಸಾಮಾನು ಹೊರುವ ಏರ್ಪಾಟು ಆಗುವವರೆಗೆ, ಒಂದು ಗುಡಿಯ ಮುಖಮಂಟಪದಲ್ಲಿ ಕುಳಿತಿದ್ದಾಗ ನಾಲ್ಕು ಜನ ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ಒಬ್ಬ ಪಾಠವನ್ನು ರಾಗವಾಗಿ ಹಾಡುವನು. ಹಾಡುತ್ತಲೇ ನೆಲದ ಮೇಲೆ ಹರಡಿದ ನುಣುಪು ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಹಾಗೆಯೇ ಹಾಡಿ ಬರೆಯುವರು. ನೆಲ ತುಂಬಿದರೆ ಅಳಿಸಿ, ಹೊಸ ಮರಳು ಚೆಲ್ಲಿ, ಮತ್ತೆ ಮುಂದಿನದು. ಕಾಗದದ ಖರ್ಚಿಲ್ಲ, ಲೇಖನಿಯ ಖರ್ಚಿಲ್ಲ. ಎದುರಿಗೆ ಉಪಾಧ್ಯಾಯನೂ ಇಲ್ಲ! ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಟ್ಟಿಗೆ ಮರೆಯಲು ಸಾಧ್ಯವಿಲ್ಲ, ನಮ್ಮಲ್ಲೇ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತೇವೆ ಎಂಬರ್ಥದ ಉತ್ತರ ಬಂತು. ದೂರದೇಶದ ಆ ವಿದ್ವಾಂಸ ಬೆರಗಾಗಿ ಇದನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ಮೂವತ್ತು ವರ್ಷ ಮಕ್ಕಳ ಎದುರು ನಿಂತ ನನಗೆ ಆ ನಾಲ್ವರ ಹೆಸರು ತಿಳಿಯಬೇಕೆಂಬ ಆಸೆ ಇಂದಿಗೂ ಹೋಗಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಕೆಳದಿಯ ರಾಣಿ ಚೆನ್ನಮ್ಮ ಔರಂಗಜೇಬನ ಸೈನ್ಯಕ್ಕೂ ಅಂಜದೆ ಅವನಿಗೆ ಆಶ್ರಯ ಕೊಟ್ಟಳು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಅಲ್ಲಿಗೆ ಆ ಮನೆತನದ ಆಳ್ವಿಕೆ ಮುಗಿಯಿತು. ಬಿದನೂರು ಹೈದರನಗರವಾಗಿ, ಹೈದರನ ಹೆಸರು ಕಳಚಿ ಬರಿಯ ನಗರವಾಗಿ ಉಳಿಯಿತು.

ರಾಜರು ಹೋದರು, ಅಳತೆಯ ಜಗಳ ಹೋಗಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಹೆಸರು ನೀವು ಕೇಳಿರಬೇಕು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದರಿಂದ ಮೊದಲಾದ ತಕರಾರು ಅದು. ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಇನ್ನೊಂದು ಎಂದರೆ ಉಳುವವನು ಏನು ಉಣ್ಣಬೇಕು? ಎಚ್. ಗಣಪತಿಯಪ್ಪನವರು ರೈತರನ್ನು ಸೇರಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಉಳುವವನ ಕಡೆಗೆ ಕಾನೂನು ನಿಜವಾಗಿ ತಿರುಗಿದ್ದು 1974ರ ಭೂಸುಧಾರಣೆಯಿಂದ. ಈ ಇಸವಿಯನ್ನು ಸ್ವಲ್ಪ ನೆನಪಿನಲ್ಲಿಡಿ.

ಈಗ ಕಟ್ಟೆಗಳ ಕಥೆ. ಜೋಗದ ನೀರಿನಿಂದ ವಿದ್ಯುತ್ ತೆಗೆಯಬೇಕೆಂದು ಹಳೆಯ ಮೈಸೂರು ಸಂಸ್ಥಾನದ ಕಾಲದಲ್ಲೇ ಕೆಲಸ ತೊಡಗಿತು. 1948ರಲ್ಲಿ ಜೋಗದ ಬಳಿಯ ವಿದ್ಯುದಾಗಾರ ನಡೆಯತೊಡಗಿತು; ಅದೇ ಮುಂದೆ ಮಹಾತ್ಮಾ ಗಾಂಧಿಯವರ ಹೆಸರು ಪಡೆಯಿತು. ಒಂದು ಕಾಲಕ್ಕೆ ಅದರ ಶಕ್ತಿ 120 ಮೆಗಾವಾಟ್ ಇತ್ತು. ಬೇಸಿಗೆಯಲ್ಲೂ ಅದಕ್ಕೆ ನೀರು ಸಿಗಲೆಂದು ಮಡೆನೂರಿನಲ್ಲಿ ಹಿರೇಭಾಸ್ಕರ ಎಂಬ ಅಣೆಕಟ್ಟು ಕಟ್ಟಿದರು. ನೀರು ಮೇಲೇರಿದೊಡನೆ ತಾನಾಗಿ ಹೀರಿ ಹೊರಗೆ ಚೆಲ್ಲುವ ಸೈಫನ್ ಕೊಳವೆಗಳು ಅದರ ವಿಶೇಷ. ನಾಡಿನ ಇಂಜಿನಿಯರುಗಳ ಜಾಣ್ಮೆಗೆ ಸಾಕ್ಷಿಯಾದ ಈ ಕಟ್ಟೆಯ ಆಯುಷ್ಯ ಎಷ್ಟು ಗೊತ್ತೇ? ಹದಿನಾರು ವರ್ಷ. 1964ರಲ್ಲಿ ಅದಕ್ಕೂ ಕೆಳಗೆ ಲಿಂಗನಮಕ್ಕಿಯ ಕಟ್ಟೆ ಎದ್ದಿತು, ನೀರು ಏರಿತು, ಮಡೆನೂರಿನ ಕಟ್ಟೆ ಇದ್ದಂತೆಯೇ ಮುಳುಗಿತು. ಊರು ಮುಳುಗಿಸಿದ ಕಟ್ಟೆಯನ್ನು ಇನ್ನೊಂದು ಕಟ್ಟೆ ಮುಳುಗಿಸಿತು. ಬೇಸಿಗೆ ತೀರ ಬಿರುಸಾದ ವರ್ಷಗಳಲ್ಲಿ ನೀರು ಇಳಿದಾಗ ಹಿರೇಭಾಸ್ಕರ ಮತ್ತೆ ತಲೆ ಎತ್ತುತ್ತದೆ. ಜನ ಹೋಗಿ ನೋಡಿ ಬರುತ್ತಾರೆ.

ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚು ಹಾಕುವ ಅಂಕಿ ಇದು. ಇಲ್ಲಿಂದ ನೀರು ತಲಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು, ಹತ್ತು ಯಂತ್ರಗಳ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಅದರ ಶಕ್ತಿ 1,035 ಮೆಗಾವಾಟ್. ಕಾರ್ಖಾನೆಗಳು ಏಳಬೇಕಾಗಿತ್ತು, ಹಳ್ಳಿಗೆ ಪಂಪು ಬರಬೇಕಾಗಿತ್ತು, ಪಟ್ಟಣದಲ್ಲಿ ಮಕ್ಕಳು ರಾತ್ರಿ ಓದಬೇಕಾಗಿತ್ತು. ಕಟ್ಟಿದ್ದು ತಪ್ಪೆಂದು ಇಂದು ಕುಳಿತು ಹೇಳುವುದು ಸುಲಭ; ನಾನು ಹೇಳುವುದಿಲ್ಲ. ನಾನೂ ವಿದ್ಯುದ್ದೀಪದ ಕೆಳಗೆ ಓದಿದವನೇ.

ಆದರೆ 1,819 ಅಡಿಯ ಕೆಳಗೆ ಏನಿತ್ತು ಎಂಬುದನ್ನೂ ಹೇಳಬೇಕಲ್ಲ. ಮಲೆನಾಡಿನಲ್ಲಿ ಒಳ್ಳೆಯ ಭೂಮಿ ಎಂದರೆ ಕಣಿವೆಯ ಭೂಮಿ. ಮೇಲೆ ಕಾನು, ಅದರ ಕೆಳಗೆ ಸೊಪ್ಪಿನ ಬೆಟ್ಟ, ಅದರ ಮಡಿಲಲ್ಲಿ ಅಡಿಕೆ ತೋಟ, ತೋಟದ ಕೆಳಗೆ ಬೈಲುಗದ್ದೆ, ಗದ್ದೆಯಾಚೆ ಹೊಳೆ, ಹೊಳೆಯ ದಂಡೆಯಲ್ಲಿ ಅಪ್ಪೆಮಾವಿನ ಮರ. ನೀರು ಏರಿದ್ದು ಕೆಳಗಿನಿಂದ. ಆದ್ದರಿಂದ ಮೊದಲು ಹೋದದ್ದು ಗದ್ದೆ, ಆಮೇಲೆ ತೋಟ, ಆಮೇಲೆ ಮನೆ. ಉಳಿದದ್ದು ಗುಡ್ಡದ ತಲೆ. ಇನ್ನು ಆ ಇಸವಿಯನ್ನು ನೆನಪಿಗೆ ತಂದುಕೊಳ್ಳಿ: ನೀರು ಬಂದದ್ದು 1964ರಲ್ಲಿ, ಉಳುವವನಿಗೆ ಹೊಲ ಕೊಟ್ಟ ಕಾನೂನು ಬಂದದ್ದು 1974ರಲ್ಲಿ. ತಲೆಮಾರಿನಿಂದ ಗೇಣಿಗೆ ಉಳುತ್ತಿದ್ದವನ ಕಾಲ ಕೆಳಗಿನ ನೆಲ ಕಾಗದದಲ್ಲಿ ಇನ್ನೊಬ್ಬನದಾಗಿದ್ದ ಕಾಲ ಅದು. ಮುಳುಗಡೆಯವರು ಎಂಬುದೇ ಒಂದು ಜಾತಿಯ ಹೆಸರಿನಂತಾಗಿ, ಅವರು ಹೊಸ ಜಾಗಗಳಿಗೆ ಲಾರಿಗಳಲ್ಲಿ ಹೋಗಿ ಕಾಡು ಕಡಿದು ಗುಡಿಸಲು ಕಟ್ಟಿದರು. ಆ ಜಾಗ ಕಂದಾಯದ್ದೋ ಅರಣ್ಯದ್ದೋ ಎಂಬ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಮುಗಿಯದೆ ನಡೆದಿದೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಇದನ್ನೆಲ್ಲ ಹತ್ತಿರದಿಂದ ಕಂಡ ನಾ. ಡಿಸೋಜಾ ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳನ್ನು ಬರೆದರು. ಅವರು 2025ರಲ್ಲಿ ತೀರಿಕೊಂಡರು. ನಿಮ್ಮ ಊರಿನ ವಾಚನಾಲಯದಲ್ಲಿ ಆ ಪುಸ್ತಕಗಳಿದ್ದರೆ ಪ್ರವಾಸಕ್ಕೆ ಮೊದಲು ಓದಿ.

ಲಾಂಚಿನಲ್ಲಿ ಕಂಡ ಆ ಹಿರಿಯರು ಆಮೇಲೆ ನನಗೆ ಬಹಳ ಬೇಕಾದವರಾದರು. ಅವರ ಮೊಮ್ಮಗ ನನ್ನ ತರಗತಿಯಲ್ಲಿದ್ದ. ನೀರು ಬಂದಾಗ ಅವರಿಗೆ ಹದಿನಾಲ್ಕು ವರ್ಷವಂತೆ. ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಯಲ್ಲಿ ನೀರು ಬಹು ದೂರ ಹಿಂದಕ್ಕೆ ಸರಿದಿತ್ತು. “ಮೇಷ್ಟ್ರೇ, ನಮ್ಮ ಮನೆಗೆ ಬರ್ತೀರಾ?” ಎಂದು ಕರೆದರು. ಅವರ ಮನೆಗೆ ಎಷ್ಟೋ ಸಲ ಹೋದವನು ನಾನು. “ಆ ಮನೆ ಅಲ್ಲ” ಎಂದರು.

ಬೆಳಗಿನ ಏಳು ಗಂಟೆಗೆ ಹೊರಟೆವು. ಒಡೆದ ಕೆಸರಿನ ಬಯಲು. ಅದರಲ್ಲಿ ಅರ್ಧ ಶತಮಾನ ನೀರುಂಡೂ ಬೀಳದ ಮರಗಳ ಕರಿಯ ಬೊಡ್ಡೆಗಳು. ಹುಡುಗರಿಬ್ಬರು ಮುಂದೆ ಓಡಿದರು. ಹಿರಿಯರು ಮಾತ್ರ ಹಾದಿಯಿದ್ದ ಕಡೆಯೇ ನಡೆದರು. ಅಲ್ಲಿ ಹಾದಿಯೇ ಇರಲಿಲ್ಲ, ಅವರಿಗೆ ಇತ್ತು. ಒಂದು ಕಡೆ ಬಳಸಿ ಬಂದರು. ಏಕೆ ಎಂದು ಕೇಳಿದರೆ, “ಇಲ್ಲಿ ಬೇಲಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೆಂಪುಕಲ್ಲಿನ ಅಡಿಪಾಯದ ಗೆರೆಗಳು ಕಂಡವು. ಅವರು ಒಂದು ಮೂಲೆಯಲ್ಲಿ ನಿಂತು ಹೆಜ್ಜೆ ಹಾಕಿ ಎಣಿಸಿದರು. ಹನ್ನೊಂದು ಹೆಜ್ಜೆಗೆ ಕೊಟ್ಟಿಗೆ, ಅಲ್ಲಿಂದ ಎಡಕ್ಕೆ ಬಾವಿ. ಬಾವಿ ತುಂಬಿಹೋಗಿತ್ತು, ಕಟ್ಟೆಯ ನಾಲ್ಕು ಕಲ್ಲು ಉಳಿದಿದ್ದವು. ಒರಳುಕಲ್ಲೊಂದು ಅರ್ಧ ಹೂತು ಬಿದ್ದಿತ್ತು. ಮೊಮ್ಮಗ ಅದನ್ನು ಎತ್ತಿಕೊಂಡು ಹೋಗೋಣವೆಂದ. “ಬೇಡ, ಅದು ಅಮ್ಮನದು, ಅಲ್ಲೇ ಇರಲಿ” ಎಂದರು. ಅವರು ಅಳಲಿಲ್ಲ. ನಾನು ಪಂಪ, ಕುಮಾರವ್ಯಾಸರನ್ನು ಪಾಠ ಹೇಳುವವನು, ಕರುಣರಸದ ಸ್ಥಾಯಿಭಾವ ಶೋಕ ಎಂದು ಕಪ್ಪುಹಲಗೆಯ ಮೇಲೆ ಬರೆದವನು. ನನಗೆ ಬಾಯಿಗೆ ಒಂದು ಮಾತೂ ಬರಲಿಲ್ಲ. ಬಿಸಿಲೇರುವ ಮೊದಲು ಹಿಂದಿರುಗಿದೆವು. ದಾರಿಯಲ್ಲಿ ಅವರು ಮಳೆಯ ವಿಚಾರ ಮಾತಾಡಿದರು, ಅಡಿಕೆಯ ಧಾರಣೆಯ ವಿಚಾರ ಮಾತಾಡಿದರು.

ಇಷ್ಟು ಹೇಳಿದ ಮೇಲೆ ನೀವು ಅಲ್ಲಿಗೆ ಹೋಗಲು ಹಿಂಜರಿಯುವಿರೇನೋ! ಖಂಡಿತ ಹೋಗಿ. ರೈಲಿನಲ್ಲಿ ಸಾಗರಕ್ಕೋ ಕೊನೆಯ ನಿಲ್ದಾಣವಾದ ತಾಳಗುಪ್ಪಕ್ಕೋ ಹೋಗಬಹುದು. ಜೋಗವನ್ನು ಮಳೆಗಾಲದ ಕೊನೆಗೆ ನೋಡಿ. ತುಂಬು ಮಳೆಯಲ್ಲಿ ಹೋದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನ ಪರದೆಯ ಹಿಂದೆ ಅವಿತುಕೊಂಡು ನಿಮಗೆ ಸದ್ದು ಮಾತ್ರ ಕೇಳಿಸುತ್ತವೆ. ಹಿನ್ನೀರನ್ನು ನೋಡಲು ಕಾರ್ತೀಕದಿಂದ ಮಾಘದವರೆಗೆ ಹೇಳಿಮಾಡಿಸಿದ ಕಾಲ. ಹೊನ್ನೆಮರಡಿನ ದಂಡೆಯಲ್ಲಿ ಬೆಳಗಿನ ಮಂಜು ಏಳುವಾಗ ನಡುಗಡ್ಡೆಗಳು ಒಂದೊಂದಾಗಿ ಮೂಡುವುದನ್ನು ನೋಡಬೇಕು. ಅವು ಏನೆಂದು ಈಗ ನಿಮಗೆ ಗೊತ್ತು: ಗುಡ್ಡದ ತಲೆಗಳು. ಸಿಗಂದೂರಿನಲ್ಲಿ ಚೌಡೇಶ್ವರಿಯ ದರ್ಶನಕ್ಕೆ ಜನ ಸಾಲುಗಟ್ಟುತ್ತಾರೆ. ಪಶ್ಚಿಮದ ಅಂಚಿಗೆ ಕೊಡಚಾದ್ರಿ. 1,343 ಮೀಟರು ಎತ್ತರ, ತುದಿಯಲ್ಲಿ ಶಂಕರರ ಹೆಸರಿನ ಸರ್ವಜ್ಞಪೀಠ. ಅಲ್ಲಿ ಸಂಜೆ ನಿಂತರೆ ಒಂದು ಕಡೆ ಕಡಲು ಹೊಳೆಯುತ್ತದೆ, ಇನ್ನೊಂದು ಕಡೆ ಹಿನ್ನೀರು. ಸಾಗರದಲ್ಲಿ ಗುಡಿಗಾರರ ಗಂಧದ ಕೆತ್ತನೆ ನೋಡಿ. ಹೆಗ್ಗೋಡಿನ ನೀನಾಸಂನಲ್ಲಿ ನಾಟಕವಿದ್ದರೆ ತಪ್ಪಿಸಬೇಡಿ.

ಯಾರದಾದರೂ ಮನೆಗೆ ಹೋಗುವ ಯೋಗವಿದ್ದರೆ ಗೋಡೆಯನ್ನು ನೋಡಿ. ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಅಲ್ಲಿರಬಹುದು. ಕೆಮ್ಮಣ್ಣಿನ ನೆಲೆ, ಅಕ್ಕಿಯ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿಯ ನಾರು. ಗೆರೆ ಎಷ್ಟು ನೇರವೆಂದರೆ ಅಳತೆಪಟ್ಟಿ ಇಟ್ಟುಕೊಂಡ ನಮ್ಮ ಡ್ರಾಯಿಂಗ್ ಮೇಷ್ಟರೂ ತಲೆದೂಗಬೇಕು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಗದ್ದೆ ಮುಳುಗಿದ ಮೇಲೂ ಬುಟ್ಟಿ ಬರೆಯುವುದನ್ನು ಅವರು ಬಿಡಲಿಲ್ಲ. ಊಟಕ್ಕೆ ಕುಳಿತರೆ ಎಲೆಯ ತುದಿಗೆ ಅಪ್ಪೆಮಿಡಿಯ ಉಪ್ಪಿನಕಾಯಿ ಬೀಳುತ್ತದೆ. ಜೀರಿಗೆಯ ಪರಿಮಳದ ಮಿಡಿ ಸಿಕ್ಕಿದರೆ ನಿಮ್ಮ ಪುಣ್ಯ. ಹೊಳೆದಂಡೆಯ ಎಷ್ಟೋ ಅಂಥ ಮರಗಳು ನೀರಿನಲ್ಲಿ ಹೋದವು. ಉಳಿದವುಗಳಿಂದ ಕಸಿ ಮಾಡಿ ಬೆಳೆಸಿದ ಆಸಕ್ತರು ಅಲ್ಲಲ್ಲಿ ಇದ್ದಾರೆ.

ನದಿಯಿಂದ ಇನ್ನೂ ಕೆಲಸ ತೆಗೆಯುವ ಯೋಚನೆಗಳು ನಿಂತಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜಿಲ್ಲೆಯೇ ಎದ್ದು ನಿಂತಿತು. ತಲಕಳಲೆ, ಗೇರುಸೊಪ್ಪೆಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ 2,000 ಮೆಗಾವಾಟ್ ಪಡೆಯುವ ಯೋಜನೆಗೂ ವಿರೋಧವೆದ್ದಿದೆ. ಆ ಕಣಿವೆ ಸಿಂಗಳೀಕಗಳ ಮನೆ. ಸಿಂಗಳೀಕ ಮರದಿಂದ ನೆಲಕ್ಕೆ ಇಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ಕೂಡಿದ ಕಾಡು ತುಂಡಾದರೆ ಅದಕ್ಕೆ ದಾರಿಯೇ ಇಲ್ಲ.

ಒಂದು ಸಂತೋಷದ ವಿಷಯವನ್ನೂ ಹೇಳಬೇಕು. ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಸೇತುವೆ 2025ರ ಜುಲೈ 14ರಂದು ತೆರೆಯಿತು. ನಾನಿದ್ದ ಕಾಲದಲ್ಲಿ ಸಂಜೆಯಾದರೆ ಲಾಂಚು ನಿಲ್ಲುತ್ತಿತ್ತು. ರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ, ಆ ದಡದವರು ಈ ದಡದ ದೀಪಗಳನ್ನು ನೋಡುತ್ತ ಬೆಳಗಿಗಾಗಿ ಕಾಯಬೇಕಾಗಿತ್ತು. ಇಲ್ಲವೇ ಗುಡ್ಡ ಬಳಸಿ ಬಹು ದೂರ ಹೋಗಬೇಕಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನಗಳನ್ನು ಹತ್ತಿಸುತ್ತಿರಲಿಲ್ಲ. ನೀರು ಬಂದು ಅರುವತ್ತು ವರ್ಷ ದಾಟಿದ ಮೇಲೆ ದಾರಿ ಬಂತು.

ಸೇತುವೆಯಾದ ಮೇಲೆ ಒಮ್ಮೆ ಹೋಗಿ ಬಂದೆ. ಹಿರಿಯರು ಈಗಿಲ್ಲ. ಅವರ ಮೊಮ್ಮಗನೇ ಸಾಗರದ ನಿಲ್ದಾಣಕ್ಕೆ ಬಂದು ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ಗಂಟೆಗಟ್ಟಲೆ ಕಾದು ದಾಟುತ್ತಿದ್ದ ನೀರನ್ನು ಐದು ನಿಮಿಷದೊಳಗೆ ದಾಟುವುದು ವಿಚಿತ್ರವಾಗಿತ್ತು. ಮಧ್ಯಕ್ಕೆ ಬಂದಾಗ ಅವನು ವೇಗ ತಗ್ಗಿಸಿ, ಕಿಟಕಿಯ ಗಾಜು ಇಳಿಸಿ, ನೀರಿನ ಕಡೆ ಕೈ ತೋರಿಸಿದ.

“ಸಾರ್, ಅಜ್ಜನ ಹಿತ್ತಲು ಅಲ್ಲಿ ಅಲ್ವಾ?”

“ಅಲ್ಲಿ ಅಲ್ಲಪ್ಪ, ಇನ್ನೂ ಸ್ವಲ್ಪ ಎಡಕ್ಕೆ” ಎಂದೆ.